ಉಪಗ್ರಹದ ಲೆಕ್ಕದಲ್ಲಿ ಸತ್ತಿದ್ದ ಸಸಿಗಳು

ಮೆಟ್ರೊ ರೈಲು ಕೆ.ಆರ್. ಪುರವನ್ನು ಊರಿನ ನಡುಭಾಗಕ್ಕೆ ಸೇರಿಸಿದ ಮರುವರ್ಷದ ಬೇಸಿಗೆ. ಕುಡಿಯುವ ನೀರಿಗೆ ಬೆಂಗಳೂರೇ ಪರದಾಡಿದ ಬೇಸಿಗೆ ಎಂದರೆ ಇನ್ನೂ ಬೇಗ ನೆನಪಾದೀತು. ನಾನಾಗ ಇಂದಿರಾನಗರದ ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ ತಾಂತ್ರಿಕ ಮುಖ್ಯಸ್ಥೆಯಾಗಿದ್ದೆ. ಒಟ್ಟು ಏಳು ಜನರ ಕಚೇರಿ. ಉಪಗ್ರಹಗಳು ತೆಗೆದ ಚಿತ್ರಗಳನ್ನು ಓದಿ, ಎಲ್ಲಿ ಹಸಿರಿದೆ, ಎಲ್ಲಿ ನೀರಿದೆ, ಎಲ್ಲಿ ಕಟ್ಟಡ ಎದ್ದಿದೆ ಎಂದು ನಕ್ಷೆ ಮಾಡಿ ಕೊಡುವುದು ನಮ್ಮ ಕೆಲಸ. ಫಿಲ್ಮ್ ಹಾಳೆಗಳನ್ನು ಗಾಜಿನ ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದು ನೋಡುತ್ತಿದ್ದ ಕಾಲದಿಂದಲೂ ನಾನು ಇದೇ ಕಸುಬಿನವಳು. ನನ್ನ ನಕ್ಷೆ ತಪ್ಪಾಗಿದೆ ಎಂದು ಯಾರಾದರೂ ಹೇಳಿ ಹತ್ತು ವರ್ಷಗಳೇ ಆಗಿದ್ದವು.

ಆ ವರ್ಷ ನಮಗೆ ಒಂದು ದತ್ತಿ ಸಂಸ್ಥೆಯ ಕೆಲಸವಿತ್ತು. ಹೆಸರು ಇಲ್ಲಿ ಬೇಡ. ಅವರು ಬಾಣಸವಾಡಿಯಿಂದ ಕೆ.ಆರ್. ಪುರದವರೆಗೆ ಕಾಲುವೆಯ ಪಕ್ಕ ಖಾಲಿ ಬಿದ್ದಿದ್ದ ಆರು ತುಂಡು ನೆಲವನ್ನು ಹಿಡಿದು ಸಸಿ ನೆಡಿಸಿದ್ದರು. ಒಂದೊಂದು ತಾಕು ಸುಮಾರು ಒಂದು ಎಕರೆ, ಒಂದೊಂದರಲ್ಲಿ ನಾನೂರು ಸಸಿ: ಹೊಂಗೆ, ನೇರಳೆ, ಬೇವು. ಪ್ರತಿ ತಾಕನ್ನೂ ನೋಡಿಕೊಳ್ಳಲು ಒಂದು ಗುಂಪು. ಮೂರು ವರ್ಷ ಸಸಿಗಳನ್ನು ಉಳಿಸಿಕೊಟ್ಟರೆ ಆ ಗುಂಪಿಗೆ ಮುಂದೆಯೂ ಕೆಲಸ. ಉಳಿದಿವೆಯೇ ಇಲ್ಲವೇ ಎಂದು ವರ್ಷಕ್ಕೊಮ್ಮೆ ಹೇಳಬೇಕಾದವರು ನಾವು. ದತ್ತಿ ಸಂಸ್ಥೆಯಲ್ಲಿ ಸ್ಥಳಕ್ಕೆ ಹೋಗಿ ನೋಡುತ್ತಿದ್ದ ಒಬ್ಬ ಅಧಿಕಾರಿ ಕೆಲಸ ಬಿಟ್ಟಿದ್ದರು. ಉಪಗ್ರಹವೇ ನೋಡುತ್ತದೆಂದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಂಡಿರಲಿಲ್ಲ.

ಸಸ್ಯವನ್ನು ಆಕಾಶದಿಂದ ಅಳೆಯುವ ಬಗೆ ಕಷ್ಟದ್ದೇನಲ್ಲ. ಆರೋಗ್ಯವಾಗಿರುವ ಎಲೆ ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಇವೆರಡರ ವ್ಯತ್ಯಾಸದಿಂದ ಒಂದು ಅಂಕಿ ಸಿಗುತ್ತದೆ. ಅದನ್ನು ಎನ್‌ಡಿವಿಐ ಎನ್ನುತ್ತೇವೆ. ದಟ್ಟ ಮರಗಳಿದ್ದರೆ ಆ ಅಂಕಿ ಒಂದರ ಹತ್ತಿರಕ್ಕೆ ಏರುತ್ತದೆ, ಬರಿ ಮಣ್ಣಿದ್ದರೆ ಸೊನ್ನೆಯ ಕಡೆಗೆ ಇಳಿಯುತ್ತದೆ. ನಾವು ಬಳಸುತ್ತಿದ್ದುದು ಉಚಿತವಾಗಿ ಸಿಗುವ ಚಿತ್ರಗಳನ್ನು. ಅವುಗಳಲ್ಲಿ ಒಂದು ಚುಕ್ಕೆ, ಅಂದರೆ ಒಂದು ಪಿಕ್ಸೆಲ್, ನೆಲದ ಮೇಲೆ ಹತ್ತು ಮೀಟರ್ ಉದ್ದ ಹತ್ತು ಮೀಟರ್ ಅಗಲದ ಚೌಕ. ಒಂದು ಎಕರೆಗೆ ಅಂಥವು ಸುಮಾರು ನಲವತ್ತು.

ನಾನು ಎರಡು ಡಿಸೆಂಬರ್‌ಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದೆ. ನೆಟ್ಟ ವರ್ಷದ ಡಿಸೆಂಬರಿನಲ್ಲಿ ಆರೂ ತಾಕುಗಳು ಹಸಿರಾಗಿದ್ದವು. ಮರುವರ್ಷ ಎರಡನೇ ತಾಕು ಇನ್ನೂ ಹಸಿರಾಗಿತ್ತು, ನಾಲ್ಕನೆಯದರ ಅಂಕಿ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಸಸಿ ಉಳಿದಿಲ್ಲ ಎಂಬ ಗೆರೆಯನ್ನು ಹಾಕಿದ್ದೂ ನಾನೇ. ಏಪ್ರಿಲಿನಲ್ಲಿ ವರದಿ ಹೋಯಿತು: ಎರಡನೇ ತಾಕು ಅತ್ಯುತ್ತಮ, ನಾಲ್ಕನೇ ತಾಕಿನಲ್ಲಿ ಬಹುಪಾಲು ಸಸಿಗಳು ಉಳಿದಿಲ್ಲ. ಕೆಳಗೆ ಒಂದು ಸಾಲು: ನಕ್ಷೆಯ ಒಟ್ಟು ನಿಖರತೆ ಶೇಕಡಾ ತೊಂಬತ್ತೊಂದು.

ಮೇ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಒಬ್ಬ ಹೆಂಗಸು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ನಲವತ್ತೈದರ ಆಸುಪಾಸು, ತಲೆಯ ಮೇಲೆ ಸೆರಗು, ಕೈಯಲ್ಲಿ ನಮ್ಮ ವರದಿಯ ಮೊದಲ ಪುಟದ ಜೆರಾಕ್ಸ್. ಹೆಸರು ಶರಣಮ್ಮ, ಊರು ಯಾದಗಿರಿ ಕಡೆ. ಹನ್ನೆರಡು ವರ್ಷದಿಂದ ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿ ವಾಸ. ನಾಲ್ಕನೇ ತಾಕನ್ನು ನೋಡಿಕೊಳ್ಳುವ ಆರು ಹೆಂಗಸರ ಗುಂಪಿಗೆ ಅವರೇ ಮುಖ್ಯಸ್ಥೆ. ದತ್ತಿ ಸಂಸ್ಥೆಗೆ ಹೋಗಿ ಕೇಳಿದ್ದಕ್ಕೆ ಅಲ್ಲಿನವರು ಪುಟದ ಕೆಳಗಿದ್ದ ನಮ್ಮ ವಿಳಾಸವನ್ನು ತೋರಿಸಿ ಕಳಿಸಿದ್ದರು.

ಅವರು ಹೇಳಿದ್ದು ಇಷ್ಟು. ಸಸಿ ಸತ್ತಿವೆ ಎಂದು ಅವರ ಗುಂಪನ್ನು ಬಿಡಿಸಿ ತಾಕನ್ನು ಬೇರೆಯವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಮಳೆ ಹಿಡಿಯುವ ಮೊದಲು ಹೊಸದಾಗಿ ಗುಂಡಿ ತೆಗೆಯಬೇಕಾದ್ದರಿಂದ ಶನಿವಾರ ಜೆಸಿಬಿ ಬಂದು ನೆಲವನ್ನು ಪೂರ್ತಿ ಕೆರೆದು ಸಮ ಮಾಡಲಿತ್ತು. ಆದರೆ ಸಸಿಗಳು ಬದುಕಿದ್ದವು. ಸತ್ತವು ಇಪ್ಪತ್ತು ಚಿಲ್ಲರೆ ಮಾತ್ರ.

ನನಗೆ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ನಂಬಲು ಇಷ್ಟವಿರಲಿಲ್ಲ. ಕೆಲಸ ಹೋಗುತ್ತದೆಂಬ ಭಯಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಅವರನ್ನು ಪಕ್ಕದಲ್ಲಿ ಕೂರಿಸಿ, ಕಂಪ್ಯೂಟರಿನಲ್ಲಿ ಎರಡೂ ವರ್ಷದ ಚಿತ್ರ ತೆಗೆದು, ಹಸಿರು ಹೇಗೆ ಮಾಸಿದೆ ಎಂದು ಸಮಾಧಾನವಾಗಿಯೇ ವಿವರಿಸಿದೆ. ಅವರು ಬಹಳ ಹೊತ್ತು ಪರದೆಯನ್ನೇ ನೋಡಿದರು.

"ಇದ್ರಾಗ ನನ್ನ ಗಿಡ ಯಾವ್ದು, ಒಂದರ ತೋರಸ್ರಿ," ಎಂದರು.

ನಾನು ಚಿತ್ರವನ್ನು ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ ಕಂದು ಬಣ್ಣದ ಚೌಕಗಳೇ ದೊಡ್ಡದಾದವು. ಉಪಗ್ರಹಕ್ಕೆ ಒಂದೊಂದು ಗಿಡ ಬೇರೆಬೇರೆಯಾಗಿ ಕಾಣುವುದಿಲ್ಲ ಎಂದು ಹೇಳಬೇಕಾಯಿತು.

"ಹಂಗಾದ್ರ ಸತ್ತಾವ ಅಂತ ಹ್ಯಾಂಗ ಕಾಣಿಸ್ತು ರೀ ಅದಕ್ಕ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನಾಳೆ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ ಎಂದೆ. ಅವರು ತಲೆಯಾಡಿಸಿ, ಆ ಜೆರಾಕ್ಸ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಹೋದರು.

ಮಧ್ಯಾಹ್ನವೆಲ್ಲ ನನ್ನ ಲೆಕ್ಕವನ್ನು ನಾನೇ ತಡಕಾಡಿದೆ. ಚಿತ್ರ ಪಕ್ಕಕ್ಕೆ ಸರಿದು ಕೂತಿದೆಯೇ, ಮೋಡದ ನೆರಳು ಬಿದ್ದಿದೆಯೇ, ದಿನಾಂಕ ತಪ್ಪಿದೆಯೇ ಎಂದು ಒಂದೊಂದಾಗಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ತೊಂಬತ್ತೊಂದು ಎಂಬ ಅಂಕಿ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದೆ. ನಿಖರತೆ ತಿಳಿಯಲು ನಕ್ಷೆಯ ಮೇಲೆ ಅಲ್ಲಲ್ಲಿ ಬಿಂದುಗಳನ್ನು ಆರಿಸಿ, ಅಲ್ಲಿ ನಿಜಕ್ಕೂ ಏನಿದೆ ಎಂದು ತಾಳೆ ನೋಡುತ್ತೇವೆ. ನಾನು ಪೂರ್ವ ಬೆಂಗಳೂರಿನಾದ್ಯಂತ ಇನ್ನೂರು ಬಿಂದುಗಳನ್ನು ತೆಗೆದುಕೊಂಡಿದ್ದೆ. ಹಲಸೂರು ಕೆರೆಯ ನೀರು, ಕುಕ್ ಟೌನಿನ ಹಳೇ ಬಂಗಲೆಗಳ ದೊಡ್ಡ ಮರಗಳು, ಶಿವಾಜಿನಗರದ ಕಟ್ಟಡಗಳು, ರಸ್ತೆಗಳು. ಇವುಗಳಲ್ಲಿ ಯಾವ ಉಪಗ್ರಹವೂ ಎಡವುವುದಿಲ್ಲ. ಆರು ತಾಕುಗಳ ಒಳಗೆ ಬಿದ್ದಿದ್ದು ಒಂಬತ್ತೇ ಬಿಂದು. ಆ ಒಂಬತ್ತನ್ನೂ ನಾನು ಕುರ್ಚಿಯಿಂದ ಏಳದೆ, ಪರದೆಯ ಮೇಲೆ ಇನ್ನೊಂದು ಚಿತ್ರ ನೋಡಿಯೇ ಸರಿ ಎಂದು ಗುರುತು ಹಾಕಿದ್ದೆ.

ಶುಕ್ರವಾರ ಬೆಳಿಗ್ಗೆ ನಮ್ಮ ಸರ್ವೇಯರ್ ಇಮ್ತಿಯಾಜ್ ಅವರನ್ನು ಕರೆದುಕೊಂಡು ಕೆ.ಆರ್. ಪುರಕ್ಕೆ ಹೋದೆ. ಇಮ್ತಿಯಾಜ್ ಶಿವಾಜಿನಗರದವರು, ಅಳತೆಯ ವಿಷಯದಲ್ಲಿ ಯಾರ ಮಾತನ್ನೂ ನಂಬದ ಮನುಷ್ಯ. ತಾಕಿನ ರಸ್ತೆ ಬದಿಗೆ ಎತ್ತರದ ತಗಡಿನ ಬೇಲಿ ಇತ್ತು, ಹೊರಗಿನಿಂದ ಒಳಗೇನಿದೆ ಎಂದು ತಿಳಿಯುವಂತಿರಲಿಲ್ಲ. ಶರಣಮ್ಮ ಬೇಲಿಯ ಸಂದಿಯಿಂದ ನಮ್ಮನ್ನು ಒಳಗೆ ಕರೆದುಕೊಂಡು ಹೋದರು.

ಒಳಗೆ ಗುಡಿಸಿಟ್ಟಂಥ ಕೆಮ್ಮಣ್ಣು. ಅದರ ಮೇಲೆ ಮೂರು ಮೀಟರಿಗೊಂದರಂತೆ ಸಾಲುಸಾಲಾಗಿ ಸಸಿಗಳು. ಹೆಚ್ಚಿನವು ನನ್ನ ಎದೆಯೆತ್ತರ, ಕೆಲವು ನನ್ನನ್ನೂ ಮೀರಿದ್ದವು. ಪ್ರತಿ ಸಸಿಯ ಬುಡಕ್ಕೂ ಒಣ ಎಲೆ, ತೆಂಗಿನ ಸಿಪ್ಪೆಯ ಹೊದಿಕೆ. ಆಸರೆಗೆ ನೆಟ್ಟ ಕೋಲಿಗೆ ಹಳೇ ಸೀರೆಯ ಚೂರು ಕಟ್ಟಿದ್ದರು. ಆರು ಹೆಂಗಸರಿಗೆ ಆರು ಬಣ್ಣ, ಯಾರ ಗಿಡ ಯಾರದೆಂದು ತಿಳಿಯಲು. ಆ ಬೇಸಿಗೆಯಲ್ಲಿ ಟ್ಯಾಂಕರ್ ನಿಂತಮೇಲೆ ತಮ್ಮ ಕೋಣೆಗಳಲ್ಲಿ ಬಟ್ಟೆ, ಪಾತ್ರೆ ತೊಳೆದ ನೀರನ್ನೇ ಬಿಂದಿಗೆಯಲ್ಲಿ ಹೊತ್ತು ತಂದು ಹಾಕಿದ್ದರಂತೆ. ಸೋಪಿನ ನೀರಾದ್ದರಿಂದ ಒಂದು ರಾತ್ರಿ ತಿಳಿಯಾಗಲು ಬಿಟ್ಟು ತರುತ್ತಿದ್ದರಂತೆ.

ಇಮ್ತಿಯಾಜ್ ಹಗ್ಗ ಹಿಡಿದು ಹತ್ತು ಮೀಟರಿನ ಒಂದು ಚೌಕ ಹಾಕಿದರು. ಅದೇ ನನ್ನ ಪಿಕ್ಸೆಲ್. ಮೂವತ್ತು ವರ್ಷ ಪರದೆಯ ಮೇಲೆ ನೋಡಿದ್ದ ಚೌಕದೊಳಗೆ ನಿಂತುಕೊಂಡು ಎಣಿಸಿದೆ. ಹನ್ನೊಂದು ಸಸಿ, ಹನ್ನೊಂದೂ ಜೀವಂತ. ಒಂದೊಂದರ ಎಲೆಯ ಹರವನ್ನು ಅಳೆದೆವು. ಬಿಚ್ಚಿದ ಕೊಡೆಗಿಂತ ತುಸು ಅಗಲ ಅಷ್ಟೆ. ಹನ್ನೊಂದನ್ನೂ ಸೇರಿಸಿದರೂ ನೂರು ಚದರ ಮೀಟರಿನಲ್ಲಿ ಹನ್ನೆರಡೋ ಹದಿಮೂರೋ ಆಗುತ್ತಿತ್ತು. ಉಳಿದದ್ದೆಲ್ಲ ಮಣ್ಣು ಮತ್ತು ಒಣ ಎಲೆ. ಮೇಲಿನಿಂದ ನೋಡುವ ಕಣ್ಣಿಗೆ ಅದು ಬರಡು ನೆಲ.

ಹಾಗಾದರೆ ಮೊದಲ ವರ್ಷ ಹಸಿರು ಎಲ್ಲಿಂದ ಬಂದಿತ್ತು? ಅದನ್ನೇ ಶರಣಮ್ಮನವರನ್ನು ಕೇಳಿದೆ.

"ಆಗ ಆಳುದ್ದ ಕಸ ಇತ್ರಿ ಇಲ್ಲಿ. ಗಿಡ ಒಳಗ ಮುಚ್ಚಿ ಹೋಗಿದ್ವು. ನಾವು ಆರು ಮಂದಿ ಕೂಡಿ ಎರಡು ತಿಂಗಳು ಕಿತ್ತೀವಿ. ಕಸ ತಗದ ಮ್ಯಾಲೆ ಗಿಡ ಉಸುರಾಡಿದ್ವು."

ಅವರ ಕಡೆ ಕಸವೆಂದರೆ ಕಳೆ. ಎಲ್ಲ ಅರ್ಥವಾಯಿತು. ಮೊದಲ ಡಿಸೆಂಬರಿನಲ್ಲಿ ನಾನು ಸಸಿ ಎಂದು ಮೆಚ್ಚಿದ್ದು ಪಾರ್ಥೇನಿಯಂ ಕಳೆಯನ್ನು. ಎರಡನೇ ಡಿಸೆಂಬರಿನಲ್ಲಿ ನಾನು ಸಾವು ಎಂದು ಬರೆದದ್ದು ಈ ಆರು ಜನರ ದುಡಿಮೆಯನ್ನು. ಅವರು ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದರೋ ನನ್ನ ಅಂಕಿ ಅಷ್ಟು ಕೆಳಗಿಳಿದಿತ್ತು. ಕ್ಷಮೆ ಕೇಳಬೇಕೆನ್ನಿಸಿತು, ಆದರೆ ಕ್ಷಮೆಯಿಂದ ಜೆಸಿಬಿ ನಿಲ್ಲುವುದಿಲ್ಲ. ಮೊದಲು ಪೂರ್ತಿ ಎಣಿಸೋಣ ಎಂದೆ. ಒಬ್ಬೊಬ್ಬ ಹೆಂಗಸೂ ತನ್ನ ಬಣ್ಣದ ಸಾಲಿನಲ್ಲಿ ನಮ್ಮ ಜೊತೆ ನಡೆದಳು. ನಾನೂರರಲ್ಲಿ ಮುನ್ನೂರ ಎಪ್ಪತ್ತೆಂಟು ಬದುಕಿದ್ದವು.

ಅಲ್ಲಿಂದ ನೇರವಾಗಿ ಬಾಣಸವಾಡಿಯ ಎರಡನೇ ತಾಕಿಗೆ ಹೋದೆವು. ನನ್ನ ವರದಿಯಲ್ಲಿ ಅತ್ಯುತ್ತಮ ಎಂದಿದ್ದ ತಾಕು. ದೂರದಿಂದ ಕಣ್ಣು ತಂಪಾಗುವಷ್ಟು ಹಸಿರು. ಒಳಗೆ ಕಾಲಿಟ್ಟರೆ ಸೊಂಟದವರೆಗೆ ಪಾರ್ಥೇನಿಯಂ, ಹರಳು ಗಿಡ, ಬಳ್ಳಿ. ಇಮ್ತಿಯಾಜ್ ಕಳೆಯನ್ನು ಕೈಯಲ್ಲಿ ಸರಿಸುತ್ತಾ ಹೋಗಿ, "ಮೇಡಂ, ಗಿಡ ಎಲ್ಲಿದೆ? ಖಾಲಿ ಕೋಲು ನಿಂತಿದೆ, ಅಷ್ಟೇ," ಎಂದರು. ಮೂರು ಕಡೆ ಚೌಕ ಹಾಕಿದೆವು. ಮೂವತ್ತಮೂರು ಸಸಿ ಇರಬೇಕಾದಲ್ಲಿ ಸಿಕ್ಕಿದ್ದು ಐದು. ಆ ತಾಕಿನ ಗುಂಪನ್ನು ನಡೆಸುತ್ತಿದ್ದ ಮೇಸ್ತ್ರಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೇಲಿಂದ ಹಸಿರು ನೋಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಕಳೆ ಕಿತ್ತರೆ ಹಸಿರು ಹೋಗುತ್ತದಲ್ಲ ಎಂದು ಮುಟ್ಟದೆ ಬಿಟ್ಟಿದ್ದರಂತೆ. ನಾವು ಏನನ್ನು ಅಳೆದೆವೋ ಅದನ್ನೇ ಅವರು ಬೆಳೆಸಿದ್ದರು.

ಅಲ್ಲೇ ನಿಂತು ದತ್ತಿ ಸಂಸ್ಥೆಯ ವ್ಯವಸ್ಥಾಪಕರಾದ ರಘುನಾಥ್ ಅವರಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರೇ, ಆದರೆ ಕಾಗದದ ಮನುಷ್ಯ. ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಾಗಿದೆ, ಯಂತ್ರಕ್ಕೂ ಹೇಳಿಯಾಗಿದೆ, ಫೋನಿನ ಮಾತಿನ ಮೇಲೆ ನಿಲ್ಲಿಸಲು ಬರುವುದಿಲ್ಲ ಎಂದರು. "ಮೇಡಂ, ತೊಂಬತ್ತೊಂದು ಪರ್ಸೆಂಟ್ ಅಂತ ಬರೆದಿದ್ದು ನೀವೇ ಅಲ್ವಾ? ಅದು ತಪ್ಪು ಅಂತಾನೂ ನೀವೇ ಬರೆದು ಕೊಡಿ," ಎಂದು ಮುಗಿಸಿದರು.

ಬರೆದು ಕೊಡಬೇಕಾದದ್ದು ನಾನೊಬ್ಬಳೇ ಅಲ್ಲ, ನಮ್ಮ ಸಂಸ್ಥೆ. ಹಾಗಾಗಿ ಫಿಲಿಪ್ ಅವರ ಸಹಿ ಬೇಕಿತ್ತು. ಸಂಸ್ಥೆಯನ್ನು ಕಟ್ಟಿದವರು ಅವರು. ಹುಟ್ಟಿ ಬೆಳೆದದ್ದೆಲ್ಲ ಕುಕ್ ಟೌನಿನಲ್ಲಿ, ಮನೆಯಲ್ಲಿ ತಮಿಳು, ಕೆಲಸದಲ್ಲಿ ಇಂಗ್ಲಿಷ್, ನನ್ನೊಡನೆ ಮಾತ್ರ ಕನ್ನಡ. ಕಳೆಯ ಬೀಜ ಅಂಟಿಕೊಂಡಿದ್ದ ಸೀರೆಯಲ್ಲೇ ಅವರ ಎದುರು ಕೂತು ನಡೆದದ್ದೆಲ್ಲ ಹೇಳಿದೆ. ಸಣ್ಣ ಸಂಸ್ಥೆಗೆ ಇರುವ ಬಂಡವಾಳ ಅದರ ಮಾತು. ನಮ್ಮ ವರದಿ ತಪ್ಪು ಎಂದು ನಾವೇ ಸಹಿ ಮಾಡಿ ಕೊಟ್ಟರೆ ಆ ಸುದ್ದಿ ಊರೆಲ್ಲ ತಿರುಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು. ಬೇಕಿದ್ದರೆ ತಪ್ಪು ನನ್ನೊಬ್ಬಳದೇ ಎಂದು ಬರೆಯಿರಿ, ರಾಜೀನಾಮೆ ಕೊಡುತ್ತೇನೆ ಎಂದೂ ಹೇಳಿದೆ. ಅವರು ಆ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಸುಧಾ, ಹೋದ ಸಲಾನೂ ನೀವು ಶ್ಯೂರ್ ಅಂದಿದ್ರಿ. ಈ ಸಲ ಎಷ್ಟು ಶ್ಯೂರ್?"

"ಹೋದ ಸಲ ನೋಡಿದ್ದೆ ಸರ್. ಈ ಸಲ ಮುಟ್ಟಿ ಎಣಿಸಿದ್ದೀನಿ."

ಒಂದೂವರೆ ಪುಟದ ಪತ್ರವನ್ನು ಇಬ್ಬರೂ ಕೂತು ಬರೆದೆವು. ನೆಪಗಳನ್ನು ಹಾಕಲಿಲ್ಲ. ಸಸಿಯನ್ನೂ ಕಳೆಯನ್ನೂ ಬೇರೆ ಮಾಡಲು ಈ ಚಿತ್ರಗಳಿಂದ ಆಗದು, ಅದನ್ನು ನಾವು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದು ಬರೆದು, ನಾಲ್ಕನೇ ತಾಕಿನ ಎಣಿಕೆಯನ್ನು ಸಾಲುವಾರು ಲಗತ್ತಿಸಿದೆವು. ಸಂಜೆ ನಾಲ್ಕಕ್ಕೆ ಇಮೇಲ್ ಹೋಯಿತು. ಉತ್ತರ ಬರಲಿಲ್ಲ. ರಘುನಾಥ್ ಫೋನೂ ಎತ್ತಲಿಲ್ಲ.

ಶನಿವಾರ ಎಂಟಕ್ಕೆ ಮುಂಚೆಯೇ ನಾನು ತಾಕಿನ ಬಳಿ ಇದ್ದೆ. ತಗಡಿನ ಬೇಲಿಯ ಎರಡು ಹಾಳೆಗಳನ್ನು ಆಗಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಹಳದಿ ಯಂತ್ರ ಒಳಗೆ ಮೂತಿ ಚಾಚಿ ನಿಂತಿತ್ತು. ಆರು ಹೆಂಗಸರೂ ತಮ್ಮ ತಮ್ಮ ಸಾಲಿನ ಮೊದಲ ಸಸಿಯ ಪಕ್ಕ ಕೂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ಯಂತ್ರದ ಚಾಲಕ ಕೆಳಗಿಳಿದು ನಿಂತಿದ್ದ. ಅವನಿಗೂ ದಿಕ್ಕು ತೋಚಿರಲಿಲ್ಲ. ಸತ್ತ ಗಿಡ ತೆಗೆಯಬೇಕು ಎಂದು ಅವನಿಗೆ ಹೇಳಿದ್ದರಂತೆ, ಇಲ್ಲಿ ಸತ್ತ ಗಿಡ ಯಾವುದೆಂದು ಅವನು ನನ್ನನ್ನೇ ಕೇಳಿದ. ಸ್ವಲ್ಪ ಕಾಯಿ ಎಂದು ಹೇಳುವ ಅಧಿಕಾರ ನನಗಿರಲಿಲ್ಲ, ಆದರೂ ಹೇಳಿದೆ. ಅವನು ಕಾದ.

ಎಂಟೂವರೆಗೆ ರಘುನಾಥ್ ಅವರ ಕಾರು ಬಂತು. ಕೈಯಲ್ಲಿ ನಮ್ಮ ಪತ್ರದ ಪ್ರತಿ ಇತ್ತು. ರಾತ್ರಿ ಓದಿ, ಬೆಳಿಗ್ಗೆ ಮಂಡಳಿಯ ಅಧ್ಯಕ್ಷರ ಮನೆಗೆ ಹೋಗಿ ತೋರಿಸಿ ಬಂದಿದ್ದರು. ನೇರ ಒಳಗೆ ನಡೆದರು. ಒಂದು ಸಾಲಿನ ಈ ತುದಿಯಿಂದ ಆ ತುದಿಗೆ, ಮತ್ತೆ ಇನ್ನೊಂದು ಸಾಲಿನಲ್ಲಿ ವಾಪಸ್ಸು. ಒಂದು ನೇರಳೆ ಸಸಿಯ ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದರು. ಆಮೇಲೆ ಚಾಲಕನ ಕಡೆ ತಿರುಗಿ, "ಗಾಡಿ ತಗೊಂಡ್ಹೋಗಪ್ಪ. ಇಲ್ಲಿ ಕೆಲಸ ಇಲ್ಲ," ಎಂದರು.

ಯಂತ್ರ ಹಿಂದಕ್ಕೆ ಸರಿಯುವ ಸದ್ದು ಕೇಳುತ್ತಿದ್ದಂತೆ ಅಲ್ಲೇ ಇದ್ದ ಒಂದು ಚಪ್ಪಡಿಯ ಮೇಲೆ ಕೂತುಬಿಟ್ಟೆ. ನನ್ನ ಒಂದು ಗೆರೆಯಿಂದಾಗಿ ಮುನ್ನೂರ ಎಪ್ಪತ್ತೆಂಟು ಸಸಿಗಳು ಆ ಬೆಳಿಗ್ಗೆ ಮಣ್ಣಿನಡಿ ಹೋಗುವುದಿತ್ತು, ಹೋಗಲಿಲ್ಲ. ಶರಣಮ್ಮ ಬಂದು ಪಕ್ಕದಲ್ಲಿ ಕೂತರು. ನಾನು ತಪ್ಪಾಯಿತು ಎಂದೆ.

"ಬಂದು ನೋಡಿದ್ರಲ್ಲ, ಅಷ್ಟ ಸಾಕು ಬಿಡ್ರಿ," ಎಂದರು. ಆಮೇಲೆ ಬೇಲಿಯ ತಗಡನ್ನು ಮತ್ತೆ ನಿಲ್ಲಿಸಲು ಉಳಿದವರನ್ನು ಕರೆದರು.

ಮುಂದಿನ ಎರಡು ವಾರ ನಾವು ಆರೂ ತಾಕುಗಳನ್ನು ಕಾಲ್ನಡಿಗೆಯಲ್ಲಿ ಎಣಿಸಿದೆವು. ಆ ಕೆಲಸಕ್ಕೆ ದತ್ತಿ ಸಂಸ್ಥೆಯಿಂದ ಏನನ್ನೂ ಕೇಳಲಿಲ್ಲ. ಎರಡನೇ ತಾಕಿನಲ್ಲಿ ಉಳಿದಿದ್ದವು ಅರವತ್ತೊಂದು. ಆ ಗುಂಪನ್ನೂ ಬಿಡಿಸಲಿಲ್ಲ. ಶರಣಮ್ಮನವರ ಗುಂಪು ಮೂರು ದಿನ ಅಲ್ಲಿಗೆ ಹೋಗಿ, ಸಸಿಗೆ ಪೆಟ್ಟಾಗದಂತೆ ಕಳೆ ಕೀಳುವುದು ಹೇಗೆಂದು ತೋರಿಸಿಕೊಟ್ಟಿತು. ಮಳೆ ಬಂದಾಗ ಖಾಲಿ ಕೋಲುಗಳ ಪಕ್ಕ ಹೊಸ ಸಸಿ ನೆಟ್ಟರು. ನಮ್ಮ ಹೆಸರು ಕೆಡುತ್ತದೆ ಎಂದು ನಾನೂ ಫಿಲಿಪ್ ಅವರೂ ಹೆದರಿದ್ದೆವಲ್ಲ, ಹಾಗೇನೂ ಆಗಲಿಲ್ಲ. ರಘುನಾಥ್ ಆ ಪತ್ರವನ್ನು ಬೇರೆ ಎರಡು ಸಂಸ್ಥೆಗಳಿಗೆ ತೋರಿಸಿದರಂತೆ. ಎರಡೂ ಕಡೆಯಿಂದ ನಮಗೆ ಕೆಲಸ ಬಂತು.

ಉಪಗ್ರಹವನ್ನು ನಾನು ದೂರುವುದಿಲ್ಲ. ಅದು ಎರಡು ಬಗೆಯ ಬೆಳಕನ್ನು ಅಳೆದು ಸರಿಯಾಗಿಯೇ ಹೇಳಿತ್ತು: ಇಲ್ಲಿ ಎಲೆ ಕಡಿಮೆ, ಅಲ್ಲಿ ಎಲೆ ಹೆಚ್ಚು. ಕಡಿಮೆ ಎಲೆ ಎಂದರೆ ಸತ್ತ ಸಸಿ ಎಂದು ಬರೆದವಳು ನಾನು. ಹೆಬ್ಬಾಳದಿಂದ ಹೊಸಕೋಟೆಯವರೆಗಿನ ಹಸಿರನ್ನು ಒಂದೇ ನೋಟಕ್ಕೆ ತಿಳಿಯಬೇಕಾದರೆ ಇವತ್ತಿಗೂ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಿಖರತೆ ಶೇಕಡಾ ಇಷ್ಟು ಎಂದು ಯಾರಾದರೂ ಹೇಳಿದಾಗ ಮಾತ್ರ ನಾನು ಮೂರು ವಿಷಯ ಕೇಳುತ್ತೇನೆ. ಏನನ್ನು ಗುರುತಿಸುವುದರಲ್ಲಿ, ಯಾವ ಜಾಗದಲ್ಲಿ, ತಾಳೆ ನೋಡಿದವರು ಅಲ್ಲಿಗೆ ಹೋಗಿದ್ದರೇ. ಕಳೆದ ವರ್ಷ ನಿವೃತ್ತಳಾಗುವವರೆಗೂ ನನ್ನ ಪ್ರತಿ ವರದಿಯ ಮೊದಲ ಪುಟದಲ್ಲಿ, ಈ ನಕ್ಷೆಗೆ ಏನು ಕಾಣುವುದಿಲ್ಲ ಎಂಬ ಒಂದು ಪ್ಯಾರಾ ಇರುತ್ತಿತ್ತು. ಅದನ್ನು ಬರೆಯಲು ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಆ ಪ್ಯಾರಾ ಬರೆದ ದಿನವೇ ನನಗೆ ನೆಮ್ಮದಿಯ ನಿದ್ದೆ ಬರುತ್ತಿತ್ತು.